ಚಪ್ಪಲಿಯ ತೊಗಲು, ಬಂದೂಕಿನ ಉಸಿರು

ಚಿಂಚಲಿಯ ಮಾಯಕ್ಕನ ಜಾತ್ರೆಯಿರಲಿ, ಕೊಕಟನೂರಿನ ಯಲ್ಲಮ್ಮನದಿರಲಿ, ಯಡೂರಿನ ವೀರಭದ್ರನದಿರಲಿ, ಭಂಡಾರದ ಅಂಗಡಿ, ಬೆಂಡು-ಬತ್ತಾಸಿನ ಅಂಗಡಿ, ಬಳೆಗಾರರ ಸಾಲು ದಾಟಿ ಮುಂದೆ ಹೋದರೆ ಫುಗ್ಗಾ ಹೊಡೆಯುವ ಅಂಗಡಿ ಸಿಗುತ್ತದೆ. ಹಲಗೆಯ ಮೇಲೆ ಸಾಲಾಗಿ ಬಣ್ಣದ ಫುಗ್ಗಾ, ಮುಂದೆ ಮೇಜಿನ ಮೇಲೊಂದು ಏರ್‌ಗನ್. ನಳಿಗೆ ಮಡಚು, ಛರ್ರಾ ಇಡು, ನಳಿಗೆ ನೆಟ್ಟಗೆ ಮಾಡು, ಹೊಡೆ. ಬೆಳಗಿನಿಂದ ನಡುರಾತ್ರಿಯವರೆಗೆ ಅದಕ್ಕೆ ಬಿಡುವಿಲ್ಲ. ಧೂಳು ಒಳಗೆ ಸೇರುತ್ತದೆ, ಎಣ್ಣೆ ಆರುತ್ತದೆ. ಕೆಲವು ಹಂಗಾಮು ಹೀಗೆ ದುಡಿದ ಬಂದೂಕಿನ ಛರ್ರಾ ಒಂದು ದಿನ ಫುಗ್ಗಾಕ್ಕೆ ತಾಗಿ ಕೆಳಗೆ ಬೀಳುತ್ತದೆ. "ಗಾಳಿ ಹಿಡಿಯಂಗಿಲ್ರೀ" ಅನ್ನುತ್ತಾರೆ ಅಂಗಡಿಯವರು. ಅಲ್ಲಿಂದ ಅದು ಮೂಲೆ ಸೇರುತ್ತದೆ, ಇಲ್ಲವೆ ಸೆಕೆಂಡ್‌ಹ್ಯಾಂಡ್ ಮಾಲಾಗಿ ಕೈ ಬದಲಿಸುತ್ತದೆ.

ಇಂಥ ಬಂದೂಕನ್ನು ಕೊಂಡು, ಹೆಚ್ಚು ಖರ್ಚಿಲ್ಲದೆ ಹದಕ್ಕೆ ತರಬಹುದು. ಅದಕ್ಕೆ ಬೇಕಾದ ವಿಜ್ಞಾನ ಹದಿನೇಳನೆಯ ಶತಮಾನದ್ದು. ಬೇಕಾದ ಸಾಮಾನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಪೇಟೆಯಲ್ಲೇ ಇದೆ. ಎಲ್ಲಕ್ಕಿಂತ ಮುಖ್ಯವಾದ ಭಾಗವಂತೂ ಇಲ್ಲಿನ ಚಪ್ಪಲಿ ಮಾಡುವವರ ಕೈಯಲ್ಲಿದೆ.

ಹದ ಮಾಡುವುದೆಂದರೆ ಜೋರು ಮಾಡುವುದಲ್ಲ. ಹತ್ತು ಸಲ ಹೊಡೆದರೆ ಹತ್ತೂ ಛರ್ರಾ ಒಂದೇ ವೇಗದಲ್ಲಿ ಹೊರಡಬೇಕು, ಅಷ್ಟೆ. ಜೋರಿನ ಮಾತಿಗೆ ಕಾನೂನಿನದೇ ಗೆರೆಯಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ಮೀರಿದ್ದರೆ, ಅಥವಾ ಹೊರಬೀಳುವ ಛರ್ರಾದ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು. ಆರೋಗ್ಯವಾಗಿರುವ ಸಾಧಾರಣ ಏರ್‌ಗನ್ ಆ ಗೆರೆಯ ಅರ್ಧಕ್ಕೂ ಬರುವುದಿಲ್ಲ. ಬರಬೇಕಾದ ಅಗತ್ಯವೂ ಇಲ್ಲ.

ಮಡಚುವ ಏರ್‌ಗನ್‌ನ ಒಳಗೆ ಮದ್ದಿಲ್ಲ, ತುಂಬಿಟ್ಟ ಗಾಳಿಯೂ ಇಲ್ಲ. ಅದೊಂದು ಪಂಪು. ದಪ್ಪ ಉಕ್ಕಿನ ಕೊಳವೆಯಲ್ಲಿ ಪಿಸ್ಟನ್, ಅದರ ಹಿಂದೆ ಬಲವಾದ ಸ್ಪ್ರಿಂಗ್. ನಳಿಗೆ ಮಡಚಿದಾಗ ಪಿಸ್ಟನ್ ಹಿಂದಕ್ಕೆ ಸರಿದು ಸ್ಪ್ರಿಂಗನ್ನು ಒತ್ತಿ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಬಿಡುತ್ತದೆ, ಪಿಸ್ಟನ್ ಮುಂದಕ್ಕೆ ಚಿಮ್ಮುತ್ತದೆ, ಕೊಳವೆಯ ಗಾಳಿ ಮುಂಗಡೆಯ ಸಣ್ಣ ತೂತಿನಿಂದ ನುಗ್ಗಿ ಛರ್ರಾವನ್ನು ತಳ್ಳುತ್ತದೆ. ಗಾಳಿಯನ್ನು ಮೊದಲೇ ತುಂಬಿಟ್ಟುಕೊಳ್ಳುವ ಬಂದೂಕುಗಳು ಬೇರೆ ಜಾತಿ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಬಳಸಿದ ಜಿರಾಂಡೋನಿ ರೈಫಲ್ ಅಂಥದ್ದು. ಅದರ ಬುರುಡೆ ತುಂಬಲು ಕೈಪಂಪನ್ನು ಸುಮಾರು 1500 ಸಲ ಒತ್ತಬೇಕಾಗುತ್ತಿತ್ತು. ನಮ್ಮ ಜಾತ್ರೆಯ ಬಂದೂಕು ಒಂದೇ ಮಡಚಿಗೆ ಮುಗಿಸುತ್ತದೆ.

ಈ ಕೊಳವೆಯೊಳಗೆ ಇಬ್ಬರು ದೊಡ್ಡವರು ಒಟ್ಟಿಗಿದ್ದಾರೆ. 1660ರಲ್ಲಿ ರಾಬರ್ಟ್ ಬಾಯ್ಲ್ ಗಾಳಿಯ ಪುಟಿಯುವ ಗುಣದ ಮೇಲೆ ಪುಸ್ತಕ ಬರೆದ. ಗಾಳಿಯನ್ನು ಒತ್ತಿದಷ್ಟೂ ಅದು ತಿರುಗಿ ಒತ್ತುತ್ತದೆ ಎನ್ನುವ ಲೆಕ್ಕ 1662ರ ಹೊತ್ತಿಗೆ ನಿಯಮವಾಯಿತು. ಅವನ ಪ್ರಯೋಗಗಳಿಗೆ ಬೇಕಾದ ಗಾಳಿಯ ಪಂಪನ್ನು ಕಟ್ಟಿಕೊಟ್ಟವನು ಅವನ ಸಹಾಯಕ ರಾಬರ್ಟ್ ಹುಕ್. ಅದೇ ಹುಕ್ 1678ರಲ್ಲಿ ಸ್ಪ್ರಿಂಗಿನ ನಿಯಮ ಪ್ರಕಟಿಸಿದ: ಎಷ್ಟು ಒತ್ತುತ್ತೀರೋ ಅಷ್ಟೇ ಪ್ರಮಾಣದಲ್ಲಿ ಅದರ ಬಲ. ಒಬ್ಬನ ಸ್ಪ್ರಿಂಗ್, ಇನ್ನೊಬ್ಬನ ಗಾಳಿ. ಏರ್‌ಗನ್ ಎಂದರೆ ಇಷ್ಟೇ. ಆದರೆ ಬಾಯ್ಲ್‌ನ ಪಂಪಿನಲ್ಲಿ ನನಗೆ ಬಹಳ ಹಿಡಿಸುವುದು ಅದರ ಪಿಸ್ಟನ್. ಹಿತ್ತಾಳೆಯ ಕೊಳವೆಯಲ್ಲಿ ಗಾಳಿ ಸೋರದಂತೆ ಕಟ್ಟಿಗೆಯ ಪಿಸ್ಟನ್‌ಗೆ ಅವರು ಸುತ್ತಿದ್ದು ಬೂಟು ಹೊಲಿಯುವ ಹದಗೊಳಿಸಿದ ತೊಗಲು. ಅದು ಜಾರಲಿ ಎಂದು ಹಾಕಿದ್ದು ಅಡುಗೆಮನೆಯ ಎಣ್ಣೆ. ಆಧುನಿಕ ವಿಜ್ಞಾನದ ಮೊದಮೊದಲ ದೊಡ್ಡ ಯಂತ್ರಗಳಲ್ಲೊಂದರ ಉಸಿರನ್ನು ಹಿಡಿದಿಟ್ಟದ್ದು ಚಪ್ಪಲಿಯ ತೊಗಲು.

ಒಳಗೆ ಏನಾಗುತ್ತದೆ ಎನ್ನುವುದನ್ನು ಅಂಕಿಗಳಲ್ಲಿ ನೋಡೋಣ. ಕೊಳವೆಯ ಒಳವ್ಯಾಸ 25 ಮಿಲಿಮೀಟರ್, ಪಿಸ್ಟನ್‌ನ ಓಟ 75 ಮಿಲಿಮೀಟರ್ ಎಂದುಕೊಂಡರೆ ಒಳಗಿರುವ ಗಾಳಿ ಸುಮಾರು 37 ಘನ ಸೆಂಟಿಮೀಟರ್. ಸ್ಪ್ರಿಂಗ್ ಅದನ್ನು ಮೂವತ್ತನೇ ಒಂದು ಭಾಗಕ್ಕೆ ಹಿಂಡಿತು ಎನ್ನಿ. ನಿಧಾನವಾಗಿ ಹಿಂಡಿದ್ದರೆ ಬಾಯ್ಲ್‌ನ ಲೆಕ್ಕದಂತೆ ಒತ್ತಡ ವಾತಾವರಣದ 30 ಪಟ್ಟು ಆಗಬೇಕು. ಆದರೆ ಪಿಸ್ಟನ್‌ನ ಓಟ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಿನಲ್ಲೇ ಮುಗಿಯುತ್ತದೆ. ಹುಟ್ಟಿದ ಬಿಸಿ ಉಕ್ಕಿಗೆ ಹರಿದುಹೋಗಲು ಪುರಸೊತ್ತಿಲ್ಲ. ಬಿಸಿಯಾದ ಗಾಳಿ ಇನ್ನೂ ಹಿಗ್ಗಲು ನೋಡುತ್ತದೆ. ಬಿಸಿ ಒಂದಿಷ್ಟೂ ಸೋರದಿದ್ದರೆ ಒತ್ತಡ 30ರ ಬದಲು 117 ಪಟ್ಟಿಗೆ ಏರುತ್ತದೆ, ಗಾಳಿಯ ಉಷ್ಣತೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ನಿಜವಾದ ಬಂದೂಕಿನಲ್ಲಿ ಸೋರಿಕೆಯಿಂದಾಗಿ ಇಷ್ಟು ಏರುವುದಿಲ್ಲ, ಆದರೆ ನೂರಾರು ಡಿಗ್ರಿ ಮಾತ್ರ ಖಚಿತ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಇದರ ಸಣ್ಣ ರೂಪ ಗೊತ್ತು.

ಈಗ ಸೋರಿಕೆಗೆ ಬರೋಣ. ಪಿಸ್ಟನ್‌ಗೂ ಕೊಳವೆಯ ಗೋಡೆಗೂ ನಡುವೆ 0.05 ಮಿಲಿಮೀಟರ್ ಸಂದಿ ಬಿದ್ದಿದೆ ಎಂದುಕೊಳ್ಳಿ. ತೆಳು ಕೂದಲಿನಷ್ಟು ಸಂದಿ, ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು 25 ಮಿಲಿಮೀಟರ್ ವ್ಯಾಸದ ಸುತ್ತಳತೆಯುದ್ದಕ್ಕೂ ಇರುತ್ತದೆ. ಒಟ್ಟು ವಿಸ್ತೀರ್ಣ ಲೆಕ್ಕ ಹಾಕಿದರೆ ಸುಮಾರು 4 ಚದರ ಮಿಲಿಮೀಟರ್. ಛರ್ರಾ ಹೋಗುವ ನಳಿಗೆಯ ತೂತಿನ ವಿಸ್ತೀರ್ಣವೇ 16 ಚದರ ಮಿಲಿಮೀಟರ್. ಎಂದರೆ ಕೂದಲೆಳೆಯ ಸಂದಿ ನಳಿಗೆಯ ಕಾಲುಭಾಗದಷ್ಟು ದೊಡ್ಡ ಬಾಗಿಲನ್ನು ಹಿಂದಗಡೆ ತೆರೆದಿಟ್ಟ ಹಾಗಾಯಿತು. "ಗಾಳಿ ಹಿಡಿಯಂಗಿಲ್ಲ" ಎನ್ನುವ ಬಂದೂಕಿನ ರೋಗ ಹೆಚ್ಚಿನ ಸಲ ಇದೇ. ಜನ ಸ್ಪ್ರಿಂಗ್ ಸೋತಿದೆ ಎಂದು ಸ್ಪ್ರಿಂಗ್ ಬದಲಿಸುತ್ತಾರೆ. ಸೋತಿರುವುದು ಪಿಸ್ಟನ್‌ನ ತುದಿಯ ವಾಷರ್.

ಬಿಚ್ಚುವಾಗ ಎಚ್ಚರ ಬೇಕು. ನಳಿಗೆ ಮಡಚದೆ ಸುಮ್ಮನಿಟ್ಟಾಗಲೂ ಒಳಗಿನ ಸ್ಪ್ರಿಂಗ್ ಹಲವು ಸೆಂಟಿಮೀಟರ್ ಒತ್ತಿಕೊಂಡೇ ಇರುತ್ತದೆ. ಹಿಂದಿನ ಮುಚ್ಚಳದ ಪಿನ್ ತೆಗೆದ ಕ್ಷಣ ಅದು ಎದುರಿಗಿದ್ದವರ ಹಲ್ಲು, ಕಣ್ಣು ನೋಡುವುದಿಲ್ಲ. ಬಡಿಗೇರರು ಬಾಗಿಲ ಚೌಕಟ್ಟು ಬಿಗಿಯಲು ಬಳಸುವ ಉದ್ದನೆಯ ಕ್ಲ್ಯಾಂಪ್‌ನಲ್ಲಿ ಕೊಳವೆಯನ್ನು ಹಿಡಿದು, ಮುಚ್ಚಳವನ್ನು ಒತ್ತಿ, ಪಿನ್ ತೆಗೆದು, ಸ್ಕ್ರೂವನ್ನು ನಿಧಾನವಾಗಿ ಸಡಿಲಿಸಬೇಕು. ಕನ್ನಡಕ ಹಾಕಿಕೊಂಡೇ ಕೆಲಸ. ನಳಿಗೆ ಮಡಚಿದಾಗ ತೆರೆದ ಸಂದಿಯಲ್ಲಿ ಬೆರಳಿಡುವ ಮೊದಲು ಇನ್ನೊಂದು ಕೈ ನಳಿಗೆಯನ್ನು ಗಟ್ಟಿಯಾಗಿ ಹಿಡಿದಿರಬೇಕು. ಹಳೆಯ ಕೊಕ್ಕೆ ತಾನಾಗೇ ಬಿಟ್ಟರೆ ನಳಿಗೆ ಬೆರಳು ಕತ್ತರಿಸುವಷ್ಟು ಬಲದಿಂದ ಮೇಲೇಳುತ್ತದೆ. ಕೊಕ್ಕೆಯನ್ನಂತೂ ಅರದಿಂದ ಉಜ್ಜಲೇ ಬಾರದು. ಅದರ ಮೇಲ್ಮೈಯಷ್ಟೇ ಗಡುಸು ಮಾಡಿದ್ದಿರುತ್ತದೆ. ಆ ತೆಳು ಪದರು ಹೋದರೆ ಒಳಗಿನ ಮೆತ್ತನೆ ಉಕ್ಕು ಸವೆದು ಬಂದೂಕು ಮುಟ್ಟಿದರೆ ಹಾರುವಂತಾಗುತ್ತದೆ.

ಪಿಸ್ಟನ್ ಹೊರಬಂದಾಗ ಅದರ ಮೂತಿಯಲ್ಲಿ ಬಟ್ಟಲಿನಾಕಾರದ, ಕಪ್ಪಾದ, ಕಲ್ಲಿನಂತಾದ ತುಂಡು ಕಾಣುತ್ತದೆ. ನಮ್ಮ ದೇಶದ ಹಳೆಯ ಏರ್‌ಗನ್‌ಗಳಲ್ಲಿ ಬಹುಪಾಲು ಚರ್ಮದ ವಾಷರ್. ಒಂದನ್ನು ಕಾಗದದಲ್ಲಿ ಸುತ್ತಿಕೊಂಡು ಅಥಣಿಯಲ್ಲಿ ಚಪ್ಪಲಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಹೆಬ್ಬೆರಳಿನಿಂದ ಅದರ ಅಂಚು ಒತ್ತಿ ನೋಡಿದರು.

"ಇದು ಸ್ಟೋದ ವಾಸರ್ ಇದ್ದಂಗ ಐತಲ್ರೀ ಸರ್."

"ಅದಕ್ಕಿಂತ ದೊಡ್ಡದ ಐತ್ರೀ ಕಾಕಾ. ಕೆಲಸ ಮಾತ್ರ ಅದ."

"ಹಂಗಾರ ಬೆನ್ನಿನ ತೊಗಲ ಬೇಕು. ಹೊಟ್ಟಿ ತೊಗಲ ಹಾಕಿದ್ರ ನಾಕ ದಿನದಾಗ ಹಿಗ್ಗತೈತಿ."

ಆ ಮಾತಿನಲ್ಲಿ ಇಡೀ ಶಾಸ್ತ್ರವಿದೆ. ಚರ್ಮವೆಂದರೆ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳ ನೇಯ್ಗೆ. ಪ್ರಾಣಿಯ ಬೆನ್ನಿನ ಕಡೆ ಆ ನೇಯ್ಗೆ ಒತ್ತಾಗಿ, ಎಲ್ಲ ದಿಕ್ಕಿಗೂ ಬಿಗಿಯಾಗಿರುತ್ತದೆ. ಹೊಟ್ಟೆಯ ಕಡೆ ಸಡಿಲ, ಉಂಡಾಗ ಹಿಗ್ಗಬೇಕಲ್ಲ. ಕೊಲ್ಹಾಪುರಿ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ಹದ ಮಾಡುತ್ತಾರೆ. ಅವೆರಡರಲ್ಲೂ ಇರುವ ಟ್ಯಾನಿನ್ ಕೊಲಾಜನ್ ನಾರುಗಳನ್ನು ಒಂದಕ್ಕೊಂದು ಕಟ್ಟಿ ನಿಲ್ಲಿಸುತ್ತದೆ. ಹೀಗೆ ಹದವಾದ ತೊಗಲಿಗೆ ನಮಗೆ ಬೇಕಾದ ಒಂದು ಗುಣ ಬರುತ್ತದೆ: ಒದ್ದೆಯಿದ್ದಾಗ ನಾರುಗಳು ಸರಿದು ಅಚ್ಚಿನ ಆಕಾರ ಪಡೆಯುತ್ತವೆ, ಒಣಗಿದಾಗ ಅದೇ ಆಕಾರದಲ್ಲಿ ನಿಲ್ಲುತ್ತವೆ. ಬ್ಯಾಗು, ಜಾಕೀಟುಗಳಿಗೆ ಬಳಸುವ ಕ್ರೋಮಿಯಂ ಹಾಕಿದ ಮೆತ್ತನೆ ಚರ್ಮ ಹೀಗೆ ನಿಲ್ಲುವುದಿಲ್ಲ, ತಿರುಗಿ ಚಪ್ಪಟೆಯಾಗುತ್ತದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದ್ದು. ಆ ಹೆಸರಿನಲ್ಲಿ ಕೊಲ್ಹಾಪುರವಿದ್ದರೂ ಅಥಣಿ, ನಿಪ್ಪಾಣಿಯ ಕೈಗಳ ಪಾಲು ಸಣ್ಣದಲ್ಲ.

ಹಳೆಯ ವಾಷರ್ ಕಪ್ಪಾಗುವುದೂ ಟ್ಯಾನಿನ್‌ನ ಕೆಲಸವೇ. ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಕಡುಗಪ್ಪು ಬಣ್ಣ ಹುಟ್ಟುತ್ತದೆ. ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ನಮ್ಮ ಹಿರಿಯರು ಮಸಿ ಮಾಡಿಕೊಳ್ಳುತ್ತಿದ್ದುದು ಇದೇ ರಸಾಯನಶಾಸ್ತ್ರದಿಂದ.

ವಾಷರ್ ಮಾಡಲು ಲೇತ್ ಅಂಗಡಿಯಲ್ಲಿ ಒಂದು ಅಚ್ಚು ಮಾಡಿಸಿಕೊಳ್ಳಬೇಕು. ಸಕ್ಕರೆ ಕಾರ್ಖಾನೆ, ಕಬ್ಬಿನ ಟ್ರ್ಯಾಕ್ಟರ್, ನೀರಿನ ಪಂಪುಗಳ ಈ ಸೀಮೆಯಲ್ಲಿ ಲೇತ್‌ಗೆ ಬರವಿಲ್ಲ. ಬಂದೂಕಿನ ಕೊಳವೆಯಷ್ಟೇ ಒಳವ್ಯಾಸದ ಒಂದು ಬಳೆ; ಅದರೊಳಗೆ ಇಳಿಯುವ ಒಂದು ಗುಂಡು, ತೊಗಲಿನ ದಪ್ಪದ ಎರಡರಷ್ಟು ಕಿರಿದಾದದ್ದು; ನಡುವೆ ಬೋಲ್ಟ್. ತೊಗಲು 3 ಮಿಲಿಮೀಟರ್ ದಪ್ಪದ್ದಾದರೆ 25ರ ಬಳೆಗೆ 19ರ ಗುಂಡು. ಉಗುರು ಬೆಚ್ಚಗಿನ ನೀರಿನಲ್ಲಿ ತೊಗಲನ್ನು ನೆನೆಸಿ, ಗುಳ್ಳೆ ಏಳುವುದು ನಿಂತ ಮೇಲೆ ಬಳೆಯ ಮೇಲಿಟ್ಟು ಬೋಲ್ಟ್ ಬಿಗಿಯುತ್ತ ಹೋದರೆ ಅದು ನಿಧಾನವಾಗಿ ಬಟ್ಟಲಾಗುತ್ತದೆ. ಕುದಿಯುವ ನೀರು ಮಾತ್ರ ಬೇಡ, ಕೊಲಾಜನ್ ಮುದುಡಿ ತೊಗಲು ಸುಟ್ಟ ಹಪ್ಪಳವಾಗುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಅಚ್ಚಿನಿಂದ ತೆಗೆದು, ಅಂಚನ್ನು ಹರಿತವಾದ ರಂಪಿಗೆಯಿಂದ ಸಮ ಮಾಡಿ, ಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿಡಬೇಕು.

ಬಟ್ಟಲಿನ ಆಕಾರವೇ ಏಕೆ? ಬಟ್ಟಲಿನ ಬಾಯಿ ಮುಂದಕ್ಕೆ, ಗಾಳಿಯ ಕಡೆಗಿರುತ್ತದೆ. ಒತ್ತಡ ಏರಿದಂತೆ ಗಾಳಿ ಬಟ್ಟಲಿನ ಒಳಗೋಡೆಯನ್ನು ಹೊರಕ್ಕೆ ದೂಡಿ ಕೊಳವೆಗೆ ಅಂಟಿಸುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚು; ಪಿಸ್ಟನ್ ಹಿಂದೆ ಸರಿಯುವಾಗ ಒತ್ತಡವಿಲ್ಲ, ಬಿಗಿಯೂ ಇಲ್ಲ. ಸೋರಿಸಲು ನೋಡುವ ಬಲವನ್ನೇ ಸೋರಿಕೆ ತಡೆಯಲು ಹಚ್ಚುವ ಈ ಉಪಾಯ ನೀರಿನ ಒತ್ತಡದ ಯಂತ್ರಗಳಲ್ಲೂ ಬಂತು. 1795ರಲ್ಲಿ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ ಸೋರದೆ ನಿಂತದ್ದು ತಾನಾಗೇ ಬಿಗಿಯಾಗುವ ಇಂಥ ಚರ್ಮದ ಪಟ್ಟಿಯಿಂದ; ಅದನ್ನು ಹೊಳೆಸಿದವನು ಅವನ ಕಾರ್ಖಾನೆಯ ಹೆನ್ರಿ ಮಾಡ್ಸ್‌ಲೇ ಎನ್ನುತ್ತಾರೆ. ಹಳ್ಳಿಯ ಕೈಪಂಪಿನ ವಾಷರ್, ಸೀಮೆಎಣ್ಣೆ ಸ್ಟೋವಿನ ವಾಷರ್ ಎಲ್ಲಕ್ಕೂ ಇದೇ ಆಕಾರ. ಅಥಣಿಯ ಹಿರಿಯರು ನೋಡಿದೊಡನೆ ಗುರುತಿಸಿದ್ದು ಅದಕ್ಕೇ.

ಯಾವ ಎಣ್ಣೆ ಎನ್ನುವುದು ಸಣ್ಣ ಪ್ರಶ್ನೆಯಲ್ಲ. ಅಗಸೆ ಎಣ್ಣೆ, ಕುಸುಬೆ ಎಣ್ಣೆ ನಮ್ಮ ಮನೆಗಳಲ್ಲೇ ಇರುತ್ತವೆ, ಆದರೆ ಇವು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಜಾತಿಯವು. ವಾಷರಿಗೆ ಹಾಕಿದರೆ ಕೆಲ ತಿಂಗಳಲ್ಲಿ ವಾರ್ನಿಶ್ ಬಳಿದಂತಾಗುತ್ತದೆ. ಔಡಲೆಣ್ಣೆ ಹಾಗೆ ಗಟ್ಟಿಯಾಗುವುದಿಲ್ಲ, ದಪ್ಪಗಿದ್ದು ನಾರುಗಳ ನಡುವೆ ಬಹಳ ಕಾಲ ಉಳಿಯುತ್ತದೆ. ಅಗಸೆ ಎಣ್ಣೆಗೂ ಈ ಬಂದೂಕಿನಲ್ಲಿ ಜಾಗವಿದೆ: ಭುಜಕ್ಕೆ ಆನಿಸುವ ಕಟ್ಟಿಗೆಯನ್ನು ಉಜ್ಜಿ ಬಟ್ಟೆಯಿಂದ ತೆಳುವಾಗಿ ಸವರಿದರೆ, ಒಳಗೆ ದೋಷವಾದ ಆ ಗುಣವೇ ಹೊರಗೆ ಮಳೆ-ಬೆವರು ತಡೆಯುವ ಗಟ್ಟಿ ಪದರಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಗಟ್ಟಿಯಾಗುವಾಗ ಹುಟ್ಟುವ ಬಿಸಿಗೆ ಅದು ತಾನೇ ಹೊತ್ತಿಕೊಂಡೀತು, ಬಿಡಿಸಿ ಒಣಹಾಕಬೇಕು.

ಎಣ್ಣೆ ಹೆಚ್ಚಾದರೆ ಇನ್ನೊಂದು ಅಪಾಯ. ನೂರಾರು ಡಿಗ್ರಿಗೆ ಏರಿದ ಗಾಳಿಯ ಎದುರು ಎಣ್ಣೆಯ ಹನಿ ಇದ್ದರೆ ಅದು ಹೊತ್ತಿಕೊಳ್ಳುತ್ತದೆ. ಕಿಡಿಯಿಲ್ಲದೆ ಒತ್ತಡದಿಂದಲೇ ಇಂಧನ ಉರಿಸುವ ರುಡಾಲ್ಫ್ ಡೀಸೆಲ್‌ನ ಎಂಜಿನ್ನಿನ ತತ್ವ ಇದೇ. ಇಂಗ್ಲೆಂಡಿನ ಕಾರ್ಡ್ಯೂ ಮನೆತನದ ಇಬ್ಬರು ಇದನ್ನು ಸುಂದರವಾಗಿ ಪರೀಕ್ಷಿಸಿದರು. ಸ್ಪ್ರಿಂಗ್ ರೈಫಲೊಂದನ್ನು ಆಮ್ಲಜನಕವಿಲ್ಲದ ಶುದ್ಧ ಸಾರಜನಕದಲ್ಲಿ ಹೊಡೆದು ನೋಡಿದಾಗ ಛರ್ರಾದ ವೇಗ ಸುಮಾರು ಮೂರನೇ ಒಂದು ಭಾಗದಷ್ಟು ಕುಸಿಯಿತು. ಮದ್ದಿಲ್ಲದ ಬಂದೂಕು ಎಂದುಕೊಂಡಿದ್ದರಲ್ಲೂ ಸದ್ದಿಲ್ಲದೆ ಒಂದಿಷ್ಟು ಎಣ್ಣೆ ಉರಿಯುತ್ತಿತ್ತು. ಉರಿ ಹದದಲ್ಲಿದ್ದರೆ ತೊಂದರೆಯಿಲ್ಲ. ಟಪ್ ಎಂದು ದೊಡ್ಡ ಸದ್ದು, ನಳಿಗೆಯಿಂದ ದಟ್ಟ ಹೊಗೆ ಬಂದರೆ ಎಣ್ಣೆ ಹೆಚ್ಚಾಗಿದೆ. ಕೆಲವರಿಗೆ ಆ ಸದ್ದು ಇಷ್ಟವಾಗಿ ಬೇಕೆಂದೇ ಎಣ್ಣೆ ಸುರಿಯುತ್ತಾರೆ. ಸ್ಪ್ರಿಂಗ್ ಮುರಿಯುವುದು, ವಾಷರ್ ಸುಡುವುದು, ಒಂದೊಂದು ಛರ್ರಾ ಒಂದೊಂದು ವೇಗದಲ್ಲಿ ಹೋಗುವುದು ಅದರಿಂದಲೇ. ಹೊಸ ವಾಷರ್ ಹಾಕಿದಾಗ ಮೊದಮೊದಲು ಹೊಗೆ ಬಂದು ತಾನಾಗೇ ನಿಲ್ಲುತ್ತದೆ. ಆಮೇಲೆ ಎರಡು ಹನಿ ಸಾಕು.

ಸ್ಪ್ರಿಂಗಿಗೆ ಕೈ ಹಾಕುವ ಮೊದಲು ಒಂದು ಲೆಕ್ಕ ತಿಳಿದಿರಲಿ. ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಹೊಂದಿ ಏರುತ್ತದೆ. 3 ಮಿಲಿಮೀಟರ್ ತಂತಿಯ ಬದಲು 3.25ರದನ್ನು ಹಾಕಿದರೆ, ಕಣ್ಣಿಗೆ ವ್ಯತ್ಯಾಸವೇ ತೋರದು, ಗಡಸುತನ ಮಾತ್ರ ಸುಮಾರು 38 ಪ್ರತಿಶತ ಹೆಚ್ಚು. ಮಡಚಲು ಮೈಬಲವೆಲ್ಲ ಬೇಕು, ಪಿಸ್ಟನ್ ತಲೆ ಚಚ್ಚಿಕೊಳ್ಳುತ್ತದೆ, ಛರ್ರಾದ ವೇಗ ಆ ಪ್ರಮಾಣದಲ್ಲಿ ಏರುವುದೂ ಇಲ್ಲ. ಹಳೆಯ ಸ್ಪ್ರಿಂಗ್ ನೆಟ್ಟಗಿದ್ದು, ಬಿರುಕಿಲ್ಲದಿದ್ದರೆ ಅದನ್ನೇ ತೊಳೆದು ಹಾಕುವುದು ಜಾಣತನ. ಅದರ ತುದಿಗಳನ್ನು ನುಣುಪು ಮಾಡಬೇಕು. ಒತ್ತಿದಾಗ ಸ್ಪ್ರಿಂಗ್ ತುಸು ತಿರುಗುತ್ತದೆ, ಒರಟು ತುದಿ ಅದನ್ನು ತಡೆದು ತಡೆದು ಬಿಡುತ್ತದೆ. ಹೊಡೆದ ಮೇಲೆ ಝಂಯ್ ಎನ್ನುವ ನಡುಕ ಬರುವುದು ಸ್ಪ್ರಿಂಗ್ ಒಳಗಿನ ಕಂಬಿಯ ಮೇಲೆ ಸಡಿಲವಾಗಿ ಕುಣಿಯುವುದರಿಂದ. ನೈಲಾನ್ ಸರಳಿನಿಂದ ಬಿಗಿಯಾದ ಕಂಬಿಯೊಂದನ್ನು ಲೇತ್‌ನಲ್ಲಿ ಮಾಡಿಸಿ, ದಪ್ಪನೆಯ ಮಾಲಿಬ್ಡಿನಂ ಗ್ರೀಸನ್ನು ಸ್ಪ್ರಿಂಗಿಗೆ ತೆಳುವಾಗಿ ಸವರಿದರೆ ಆ ನಡುಕ ಅಡಗುತ್ತದೆ. ಗ್ರೀಸ್ ವಾಷರಿನ ಮುಂದಕ್ಕೆ ಹೋಗಬಾರದು. ಅಲ್ಲಿ ಅದು ಇಂಧನ.

ನಳಿಗೆ ಮಡಚುವ ಸಂದಿಯಲ್ಲೂ ಒಂದು ಸಣ್ಣ ವಾಷರ್ ಇರುತ್ತದೆ. ಸಂದಿಯ ಸುತ್ತ ಟಾಲ್ಕಂ ಪೌಡರ್ ಉದುರಿಸಿ ಹೊಡೆದರೆ ಸೋರುವ ಕಡೆ ಪುಡಿ ಹಾರುತ್ತದೆ. ನಳಿಗೆಯ ಒಳಗಿನ ಸೀಸದ ಕೊಳೆಯನ್ನು ಮೀನಿನ ಗಾಳದ ನೈಲಾನ್ ದಾರಕ್ಕೆ ಬಟ್ಟೆ ಕಟ್ಟಿ ಹಿಂದಿನಿಂದ ಮುಂದಕ್ಕೆ ಎಳೆದು ತೆಗೆಯಬಹುದು. ಜಾತ್ರೆಯ ಬಂದೂಕಿನಲ್ಲಿ ನಳಿಗೆಯ ತುದಿ ಮೇಜಿಗೆ, ನೆಲಕ್ಕೆ ಬಡಿದು ಹಲ್ಲು ಬಿದ್ದಿರುತ್ತದೆ. ಛರ್ರಾ ಹೊರಡುವ ಕೊನೆಯ ಕ್ಷಣದಲ್ಲಿ ಗಾಳಿ ಒಂದು ಕಡೆಯಿಂದ ಮೊದಲು ನುಗ್ಗಿದರೆ ಅದು ಓರೆಯಾಗುತ್ತದೆ. ಗುಂಡುತಲೆಯ ಹಿತ್ತಾಳೆ ಸ್ಕ್ರೂ ಒಂದಕ್ಕೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಕೈಡ್ರಿಲ್‌ಗೆ ಸಿಕ್ಕಿಸಿ, ನಳಿಗೆಯ ಬಾಯಿಗೆ ಆನಿಸಿ ಓಲಾಡಿಸುತ್ತ ತಿರುಗಿಸಿದರೆ ಬಾಯಿ ಸುತ್ತಲೂ ಸಮವಾಗುತ್ತದೆ. ಗುಂಡುತಲೆ ತನ್ನ ನಡುವನ್ನು ತಾನೇ ಹುಡುಕಿಕೊಳ್ಳುವುದರಿಂದ ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಒಳಗೆ ಬಟ್ಟೆಯ ತುಂಡು ಗಿಡಿದಿಡಬೇಕು, ಪೇಸ್ಟ್ ಒಳಗಿಳಿದರೆ ನಳಿಗೆಯ ಸುರುಳಿ ಗೆರೆಗಳು ಸವೆಯುತ್ತವೆ.

ಇಷ್ಟೆಲ್ಲ ಮಾಡಿದ ಮೇಲೆ ಬಂದೂಕು ಸುಧಾರಿಸಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ವೇಗ ಅಳೆಯುವ ಎಲೆಕ್ಟ್ರಾನಿಕ್ ಯಂತ್ರಕ್ಕೆ ಬಂದೂಕಿಗಿಂತ ಹೆಚ್ಚು ಹಣ ಕೊಡಬೇಕಾದೀತು. ಇಲ್ಲಿ ನೆರವಿಗೆ ಬರುವವನು ಬೆಂಜಮಿನ್ ರಾಬಿನ್ಸ್. 1742ರಲ್ಲಿ ಅವನು ಪ್ರಕಟಿಸಿದ ಫಿರಂಗಿ ಶಾಸ್ತ್ರದ ಪುಸ್ತಕದಲ್ಲಿ ಗುಂಡಿನ ವೇಗವನ್ನು ಲೋಲಕದಿಂದ ಅಳೆಯುವ ವಿಧಾನವಿದೆ. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಬಂದ ಅವನು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ನ್ಯೂಟನ್ ಹೇಳಿದ ಸಂವೇಗದ ನಿಯಮವನ್ನು ದಾರಕ್ಕೆ ಕಟ್ಟಿ ತೂಗಿಬಿಟ್ಟವನು ಅವನು. ವೇಗವಾಗಿ ಹಾರುವ ಹಗುರ ವಸ್ತು ಭಾರದ ವಸ್ತುವಿನಲ್ಲಿ ಸಿಕ್ಕಿಕೊಂಡರೆ ಎರಡೂ ಸೇರಿ ನಿಧಾನವಾಗಿ ಸರಿಯುತ್ತವೆ. ಆ ನಿಧಾನದ ವೇಗವನ್ನು ಅಳೆಯುವುದು ಸುಲಭ.

ನಾವು ಮಾಡಬೇಕಾದದ್ದು ಇಷ್ಟು. ತಗಡಿನ ಡಬ್ಬಿಯೊಂದಕ್ಕೆ ಜೇಡಿಮಣ್ಣು ತುಂಬಿ ಒಟ್ಟು ತೂಕವನ್ನು 500 ಗ್ರಾಮಿಗೆ ತರಬೇಕು. ನಾಲ್ಕು ದಾರಗಳಿಂದ, ತಿರುಗದಂತೆ, 1 ಮೀಟರ್ ಕೆಳಗೆ ತೂಗುಬಿಡಬೇಕು. ಹಿಂದೆ ನಯವಾದ ಪಟ್ಟಿಯ ಮೇಲೆ ಹಗುರವಾದ ಬೆಂಕಿಪೊಟ್ಟಣ ಇಟ್ಟರೆ ಡಬ್ಬಿ ಅದನ್ನು ತಳ್ಳಿದಷ್ಟು ದೂರವೇ ಅದರ ತೂಗಾಟ. ಛರ್ರಾದ ತೂಕವನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ನೋಡಿಸಿಕೊಳ್ಳಿ. ಅರ್ಧ ಗ್ರಾಂ ಎಂದಿಟ್ಟುಕೊಳ್ಳೋಣ. ಡಬ್ಬಿ ಛರ್ರಾಕ್ಕಿಂತ ಸಾವಿರ ಪಟ್ಟು ಭಾರ, ಆದ್ದರಿಂದ ಅದರ ವೇಗ ಛರ್ರಾದ ಸಾವಿರದ ಒಂದು ಭಾಗ. 1 ಮೀಟರ್ ದಾರದ ಲೋಲಕಕ್ಕೆ ಲೆಕ್ಕ ಬಹಳ ಸರಳವಾಗಿ ಹೊಂದುತ್ತದೆ: ಡಬ್ಬಿ ಸರಿದ ಪ್ರತಿ ಸೆಂಟಿಮೀಟರಿಗೆ ಛರ್ರಾದ ವೇಗ ಸೆಕೆಂಡಿಗೆ 31 ಮೀಟರ್. 5.4 ಸೆಂಟಿಮೀಟರ್ ಸರಿದರೆ ವೇಗ ಸುಮಾರು 170 ಮೀಟರ್, ಶಕ್ತಿ 7 ಜೂಲ್‌ಗೆ ತುಸು ಹೆಚ್ಚು. ಕಾನೂನಿನ 20 ಜೂಲ್ ಗೆರೆ ಇದೇ ಲೋಲಕದಲ್ಲಿ 9 ಸೆಂಟಿಮೀಟರಿನ ಹತ್ತಿರ ಬರುತ್ತದೆ. ಸ್ಪ್ರಿಂಗಿನಲ್ಲಿ ಕೂಡಿಟ್ಟ ಶಕ್ತಿ 28 ಜೂಲ್ ಇದ್ದರೆ ಛರ್ರಾಕ್ಕೆ ಸಿಕ್ಕಿದ್ದು ಅದರ ಕಾಲುಭಾಗ ಮಾತ್ರ. ಉಳಿದದ್ದು ಬಿಸಿಯಾಗಿ, ಸದ್ದಾಗಿ, ಪಿಸ್ಟನ್‌ನ ಪುಟಿತವಾಗಿ ಹೋಯಿತು. ಒಳ್ಳೆಯ ಸ್ಪ್ರಿಂಗ್ ಬಂದೂಕುಗಳೂ ಇದಕ್ಕಿಂತ ಬಹಳ ಮುಂದೆ ಹೋಗುವುದಿಲ್ಲ.

ರಿಪೇರಿಗೆ ಮೊದಲೊಮ್ಮೆ, ಆಮೇಲೊಮ್ಮೆ ಹೀಗೆ ಹತ್ತು ಹತ್ತು ಸಲ ಹೊಡೆದು ಬರೆದುಕೊಂಡರೆ ನಿಜ ಸಂಗತಿ ಕಾಣುತ್ತದೆ. ಸರಾಸರಿ ಏರಿದ್ದಕ್ಕೆ ಖುಷಿಪಡುವ ಮೊದಲು ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ಅಂತರ ನೋಡಬೇಕು. ಗಾಳಿ ಸೋರುವ ವಾಷರ್ ಪ್ರತಿ ಸಲ ಬೇರೆ ಬೇರೆಯಾಗಿ ಸೋರುತ್ತದೆ. ಫುಗ್ಗಾ ಅಂಗಡಿಯಲ್ಲಿ ಗುರಿ ತಪ್ಪಿದವರೆಲ್ಲ ತಮ್ಮ ಕೈಯನ್ನು ಬೈದುಕೊಳ್ಳುವುದು ನೋಡಿದಾಗ ನನಗೆ ಬೇಸರವಾಗುತ್ತದೆ. ಸೈಟ್ ಬಾಗಿ, ವೇಗ ಏರಿಳಿಯುವ ಬಂದೂಕಿನಲ್ಲಿ ಒಳ್ಳೆಯ ಗುರಿಕಾರನೂ ತಪ್ಪುತ್ತಾನೆ.

ಹಿಡಿಯುವ ರೀತಿಗೂ ಕಾರಣವಿದೆ. ಕಾಲು ಕಿಲೋ ತೂಗುವ ಪಿಸ್ಟನ್ ಮುಂದಕ್ಕೆ ಚಿಮ್ಮಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಗಾಳಿಯ ದಿಂಬಿಗೆ ಬಡಿದು ನಿಂತಾಗ ಮುಂದಕ್ಕೆ ಎಳೆಯುತ್ತದೆ. ಛರ್ರಾ ನಳಿಗೆ ಬಿಡುವ ಮೊದಲೇ ಈ ಅಲುಗಾಟ ಶುರುವಾಗಿರುತ್ತದೆ. ಬಿಗಿಹಿಡಿದರೆ ಕೈಯ ಬಿಗಿ ಪ್ರತಿ ಸಲ ಬದಲಾಗುತ್ತದೆ, ಅಲುಗಾಟವೂ ಬದಲಾಗುತ್ತದೆ. ಅಂಗೈ ಮೇಲೆ ಸಡಿಲವಾಗಿ ಮಲಗಿಸಿದರೆ ಬಂದೂಕು ಪ್ರತಿ ಸಲ ಒಂದೇ ರೀತಿ ಅಲುಗುತ್ತದೆ. ಛರ್ರಾ ಇಡದೆ ಹೊಡೆಯುವುದು ಕೆಟ್ಟ ಅಭ್ಯಾಸ. ತಡೆಯುವ ಗಾಳಿಯ ದಿಂಬಿಲ್ಲದೆ ಪಿಸ್ಟನ್ ನೇರ ಉಕ್ಕಿಗೆ ಬಡಿಯುತ್ತದೆ, ಕಷ್ಟಪಟ್ಟು ಮಾಡಿದ ವಾಷರ್ ಚಚ್ಚಿಹೋಗುತ್ತದೆ.

ನಿಪ್ಪಾಣಿಯಿಂದ 40 ಕಿಲೋಮೀಟರ್ ದೂರದ ಕೊಲ್ಹಾಪುರ ಸೀಮೆ ದೊಡ್ಡ ಗುರಿಕಾರರನ್ನು ಕೊಟ್ಟಿದೆ. ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲ್‌ನ ವಿಶ್ವ ಚಾಂಪಿಯನ್ ಆದರು. ರಾಧಾನಗರಿ ತಾಲ್ಲೂಕಿನ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚು ತಂದರು. 1984ರಲ್ಲಿ ಒಲಿಂಪಿಕ್ಸ್ ಸೇರಿದ, 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ನಮ್ಮ ಹಳೆಯ ಬಂದೂಕಿಗೆ ಅದು ಅಸಾಧ್ಯ. ಆದರೆ ಅದೇ 10 ಮೀಟರ್ ದೂರದಿಂದ ಹೊಡೆದ ಛರ್ರಾಗಳೆಲ್ಲ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಂತಾದರೆ ರಿಪೇರಿ ಚೆನ್ನಾಗಿದೆ ಎಂದೇ ಲೆಕ್ಕ. ಗುರಿಯ ಹಿಂದೆ ಮರಳು ತುಂಬಿದ ಪೆಟ್ಟಿಗೆ, ಅದರ ಹಿಂದೆ ಗೋಡೆ ಇರಬೇಕು. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ತೊಳೆಯಬೇಕು. ಗುರಿ ಕಾಗದದ್ದಿರಲಿ, ಫುಗ್ಗಾದ್ದಿರಲಿ. ಹಕ್ಕಿಗಳ ಕಡೆ ನಳಿಗೆ ತಿರುಗಿಸುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ. ಏರ್‌ಗನ್‌ಗಳಿಂದ ಕಾಡು ಮೌನವಾದದ್ದನ್ನು ಕಂಡು ಅರುಣಾಚಲ ಪ್ರದೇಶ 2021ರಲ್ಲಿ ಅವುಗಳನ್ನು ಜನರಿಂದ ಒಪ್ಪಿಸಿಕೊಳ್ಳುವ ಅಭಿಯಾನವನ್ನೇ ನಡೆಸಬೇಕಾಯಿತು.

ತೊಗಲಿನ ವಾಷರ್ ಹವೆಗೆ ತಕ್ಕಂತೆ ಬದಲಾಗುತ್ತದೆ. ಮಳೆಗಾಲದಲ್ಲಿ ಅದು ತಂಪಾಗಿ ಇರುತ್ತದೆ, ತುಕ್ಕಿನ ಭಯ ಉಕ್ಕಿಗೆ. ಅಥಣಿ, ಕಾಗವಾಡದ ಬ್ಯಾಸಗಿಯ ಒಣಗಾಳಿಯಲ್ಲಿ ಅಂಚು ಕುಗ್ಗುತ್ತದೆ. ಯುಗಾದಿಯ ಹೊತ್ತಿಗೊಮ್ಮೆ ಡಬ್ಬಿಯನ್ನು ತೂಗುಹಾಕಿ ಹೊಡೆದು ನೋಡುವುದು ಒಳ್ಳೆಯದು. ಬೆಂಕಿಪೊಟ್ಟಣ 5.4ರ ಬದಲು 4 ಸೆಂಟಿಮೀಟರಿಗೇ ನಿಂತರೆ ಮುಂಗಡೆಯ ತೂತಿನಿಂದ ಎರಡು ಹನಿ ಔಡಲೆಣ್ಣೆ ಬಿಟ್ಟು, ಬಂದೂಕನ್ನು ಒಂದು ರಾತ್ರಿ ಮೂತಿ ಮೇಲಾಗಿ ನಿಲ್ಲಿಸಿಡಬೇಕು. ಮರುದಿನವೂ ಏರದಿದ್ದರೆ ವಾಷರಿನ ಆಯುಷ್ಯ ಮುಗಿದಿದೆ. ಅಚ್ಚು ಹೇಗೂ ಮನೆಯಲ್ಲಿದೆ. ಬೆನ್ನಿನ ತೊಗಲಿನ ಇನ್ನೊಂದು ತುಂಡು ತಂದು ನೀರಿಗೆ ಹಾಕಿದರಾಯಿತು.